ಮುಚ್ಚದೆ ಬಿಟ್ಟ ಗುಂಡಿ

ಪರೀಕ್ಷೆ ಮುಗಿದು ಶಾಲೆಯ ಚೀಲ ಮೂಲೆ ಸೇರಿದರೆ ಸಾಕು, ನಮ್ಮ ಮನೆಯಲ್ಲಿ ಒಂದೇ ಪ್ರಶ್ನೆ: "ಈ ಸಲ ರಜೆಗೆ ಎಲ್ಲಿಗೆ?" ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ ಮಕ್ಕಳೇ? ನಿಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ರಜೆ ಎಂದರೆ ಅಜ್ಜಿಮನೆ. ಅಲ್ಲಿ ಮಾವಿನಮರ, ಕೆರೆ, ಹಪ್ಪಳ ಕಾಯುವ ಕೆಲಸ. ಹೌದು, ಕೆಲಸ! "ಅಂಗಳದಲ್ಲಿ ಹಪ್ಪಳ ಒಣಗಿದೆ, ಕಾಗೆ ಓಡಿಸು" ಎಂದು ಅಜ್ಜಿ ಕೈಗೆ ಕೋಲು ಕೊಟ್ಟರೆ ನಾವು ರಾಜರಂತೆ ಕೂರುತ್ತಿದ್ದೆವು. ಅದು ರಜೆಯೋ ಕೆಲಸವೋ ಎಂದು ಯಾರೂ ಕೇಳುತ್ತಿರಲಿಲ್ಲ.

ನಮ್ಮ ಮಕ್ಕಳಿಗೆ ಅಂಥ ಅಜ್ಜಿಮನೆ ಇಲ್ಲ. ಅಜ್ಜಿಯೇ ನಮ್ಮೊಡನೆ ಶಿವಮೊಗ್ಗದ ಮನೆಯಲ್ಲಿದ್ದಾರೆ. ಹಾಗಾಗಿ ಕೆಲವು ವರ್ಷ ಊಟಿ, ಮೈಸೂರು ಎಂದು ಸುತ್ತಿದೆವು. ಹೋಗುವುದು, ಸಾಲಿನಲ್ಲಿ ನಿಲ್ಲುವುದು, ಫೋಟೊ ತೆಗೆಯುವುದು, ಐಸ್‌ಕ್ರೀಂ ತಿನ್ನುವುದು, ಬರುವುದು. ಒಂದು ಸಲ ವಾಪಸು ಬರುವಾಗ ಮಗಳು ಕೇಳಿದಳು: "ಅಮ್ಮಾ, ನಾವು ಹೋಗಿದ್ದರಿಂದ ಅಲ್ಲಿ ಯಾರಿಗಾದರೂ ಏನಾದರೂ ಆಯ್ತಾ?" ನನಗೆ ಉತ್ತರ ತಿಳಿಯಲಿಲ್ಲ.

ಆ ವರ್ಷದ ದಸರಾ ರಜೆಯಲ್ಲಿ ಮಲೆನಾಡಿನ ಒಂದು ಸಣ್ಣ ಸರ್ಕಾರಿ ಶಾಲೆಗೆ ಬಣ್ಣ ಹೊಡೆಯಲು ಹೊರಟೆವು. ನಾಲ್ಕು ಡಬ್ಬ ಬಣ್ಣ, ಕುಂಚ, ಹಳೆ ಬಟ್ಟೆ ಎಲ್ಲವನ್ನೂ ನಾವೇ ಒಯ್ದೆವು. ಎರಡು ದಿನ ಮೈಕೈಯೆಲ್ಲ ಬಣ್ಣ ಮಾಡಿಕೊಂಡು ಗೋಡೆಯ ಮೇಲೆ ಆನೆ, ನವಿಲು, ಗಿಳಿ ಬರೆದೆವು. ಮುಖ್ಯೋಪಾಧ್ಯಾಯರು ಚಹಾ ತರಿಸಿಕೊಟ್ಟು ಬಹಳ ಗೌರವದಿಂದ ನೋಡಿಕೊಂಡರು. ಹೊರಡುವಾಗ ಮಗ ಗೋಡೆಯ ಒಂದು ಕಡೆ ಕೆರೆದು, "ಅಮ್ಮಾ, ಇದರ ಅಡಿಯಲ್ಲಿ ಇನ್ನೊಂದು ನವಿಲಿದೆ!" ಎಂದ. ಹಿಂದಿನ ವರ್ಷ ಬೇರೆ ಯಾರೋ ನಮ್ಮಂಥವರೇ ಬಂದು ಬಣ್ಣ ಹೊಡೆದು ಹೋಗಿದ್ದರು. "ನಿಮಗೆ ನಿಜವಾಗಿ ಏನು ಬೇಕಿತ್ತು ಸರ್?" ಎಂದು ಕೇಳಿದೆ. ಅವರು ಸಂಕೋಚದಿಂದಲೇ, "ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ ಕೆಟ್ಟು ಆರು ತಿಂಗಳಾಯಿತು" ಎಂದರು.

ಅದನ್ನು ಮೊದಲ ದಿನವೇ ಕೇಳಬಹುದಿತ್ತಲ್ಲ! ಮರುದಿನ ಪೇಟೆಯಿಂದ ಪ್ಲಂಬರ್ ಒಬ್ಬರನ್ನು ಕರೆಸಿದೆವು. ಅರ್ಧ ಗಂಟೆಯ ಕೆಲಸ. ನಮ್ಮ ಬಣ್ಣದ ಡಬ್ಬಗಳಿಗಿಂತ ಕಡಿಮೆ ಖರ್ಚು.

ಅದಕ್ಕೇ ಕಳೆದ ಬೇಸಿಗೆಯಲ್ಲಿ ಕಡಲಾಮೆ ನೋಡಲು ಹೊನ್ನಾವರದ ಕಡೆ ಹೋಗೋಣವೆಂದು ಮಕ್ಕಳು ಹೇಳಿದಾಗ, ಮೊದಲು ಫೋನ್ ಮಾಡಿ ಕೇಳಿದೆ: "ನಾವು ಐದು ಜನ. ಐದು ದಿನ ಇರುತ್ತೇವೆ. ಏನು ಕೆಲಸ ಇದೆ?" ಅಲ್ಲಿಯ ಮೀನುಗಾರರ ಕೇರಿಯೊಂದರಲ್ಲಿ ಆಮೆಗೂಡು ಕಾಯುವ ಹಿರಿಯರೊಬ್ಬರು ನಕ್ಕರು. "ಕೆಲಸ ಇದೆ. ಆದರೆ ಅದು ನಿಮ್ಮ ಮಕ್ಕಳಿಗೆ ಖುಷಿ ಆಗೂದಿಲ್ಲ" ಎಂದರು.

ಶಿವಮೊಗ್ಗದಿಂದ ಸಾಗರ, ತಾಳಗುಪ್ಪ ದಾಟಿ ಜೋಗದಲ್ಲಿ ಇಳಿದೆವು. 253 ಮೀಟರ್ ಎತ್ತರದಿಂದ ಬೀಳುವ ಶರಾವತಿ ಬೇಸಿಗೆಯಲ್ಲಿ ಬಿಳಿ ನೂಲಿನಂತೆ ಕಾಣುತ್ತಿದ್ದಳು. ಗೇರುಸೊಪ್ಪೆಯ ಘಾಟಿ ಇಳಿದು ಹೊನ್ನಾವರ ತಲುಪಿದರೆ ಅದೇ ನದಿ ಹಿನ್ನೀರಿನಂತೆ ಅಗಲವಾಗಿ ಹರಡಿ, ಕೊಂಕಣ ರೈಲ್ವೆಯ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯ ಅಡಿ ನುಸುಳಿ ಕಡಲು ಸೇರುತ್ತದೆ. "ಒಂದೇ ನದಿಗೆ ಎಷ್ಟು ಅವತಾರ!" ಎಂದರು ಅತ್ತೆ.

ಈಗ ಆಮೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕರಾವಳಿಗೆ ಮೊಟ್ಟೆ ಇಡಲು ಬರುವುದು ಹೆಚ್ಚಾಗಿ ಆಲಿವ್ ರಿಡ್ಲೆ ಎಂಬ ಕಡಲಾಮೆ. ಬೆಳೆದ ಆಮೆ ಸುಮಾರು ಎರಡು ಅಡಿ ಉದ್ದ, 35ರಿಂದ 50 ಕಿಲೋ ತೂಕ. ಚಳಿಗಾಲದ ರಾತ್ರಿಗಳಲ್ಲಿ ತಾಯಿಆಮೆ ದಡಕ್ಕೆ ತೆವಳಿ ಬಂದು, ಹಿಂಗಾಲಿನಿಂದ ಒಂದೂವರೆ ಅಡಿ ಆಳದ ಗುಂಡಿ ತೋಡಿ, ಪಿಂಗ್‌ಪಾಂಗ್ ಚೆಂಡಿನಂಥ ನೂರಕ್ಕೂ ಹೆಚ್ಚು ಮೊಟ್ಟೆ ಇಟ್ಟು, ಮರಳು ಮುಚ್ಚಿ ಹೋಗಿಬಿಡುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ. ಕಾವು ಕೊಡುವುದು ಮರಳಿನ ಬಿಸಿ. ಮರಳು ಹೆಚ್ಚು ಬಿಸಿಯಾದರೆ ಹೆಣ್ಣುಮರಿ ಹೆಚ್ಚು, ತಂಪಾಗಿದ್ದರೆ ಗಂಡುಮರಿ ಹೆಚ್ಚು! 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ, ಆನೆಗಳ ಜೊತೆಗೆ ಮೊದಲ ಪಟ್ಟಿಯಲ್ಲೇ ಈ ಆಮೆಗೂ ಜಾಗವಿದೆ. ಮೊಟ್ಟೆ ಕದಿಯುವುದು ಅಪರಾಧ. ನಾಯಿ, ನರಿಗಳಿಗೆ ಕಾಯ್ದೆ ಗೊತ್ತಿಲ್ಲವಲ್ಲ, ಅದಕ್ಕೇ ಅರಣ್ಯ ಇಲಾಖೆಯವರೂ ಊರವರೂ ಸೇರಿ ಗೂಡಿನ ಸುತ್ತ ಬಲೆ ಕಟ್ಟಿ ಕಾಯುತ್ತಾರೆ.

ನಮಗೆ ಸಿಕ್ಕ ಕೆಲಸ ಎರಡು. ಮೊದಲನೆಯದು, ಮರಳಲ್ಲಿ ಹುದುಗಿದ ಹರಕು ನೈಲಾನ್ ಬಲೆ, ಹಗ್ಗ, ಪ್ಲಾಸ್ಟಿಕ್ ಎಳೆದು ತೆಗೆಯುವುದು. ಎರಡನೆಯದು, ಗೂಡಿನಿಂದ ನೀರಿನ ತನಕ ಇರುವ ಗುಂಡಿಗಳನ್ನೆಲ್ಲ ಮುಚ್ಚಿ ಸಮ ಮಾಡುವುದು. ಆಗ ತಾನೇ ಹೊರಬಂದ ಮರಿ ನಿಮ್ಮ ಹೆಬ್ಬೆರಳಿನಷ್ಟು ಉದ್ದ. ನಮ್ಮ ಹೆಜ್ಜೆಗುರುತೇ ಅದಕ್ಕೆ ಹಳ್ಳ. ಪ್ರವಾಸಿಗರು ಬಿಟ್ಟುಹೋದ ಮರಳುಮನೆಯ ಗುಂಡಿಯಂತೂ ಹತ್ತಲಾರದ ಬಾವಿ.

ಹಿರಿಯರು ಹೇಳಿದ್ದು ನಿಜವಾಯಿತು. ಮಕ್ಕಳಿಗೆ ಖುಷಿಯಾಗಲಿಲ್ಲ. "ಆಮೆ ನೋಡೋಕೆ ಬಂದರೆ ಕಸ ಹೆಕ್ಕಿಸ್ತಾರಲ್ಲ" ಎಂದು ಮಗಳು ಮುಖ ಊದಿಸಿದಳು. ಮೊದಲ ರಾತ್ರಿ ಏನೂ ಆಗಲಿಲ್ಲ. ಎರಡನೇ ರಾತ್ರಿಯೂ ಇಲ್ಲ. ಖುಷಿಯಾಗಿದ್ದವರು ಅತ್ತೆ ಒಬ್ಬರೇ. ಬಗ್ಗಲು ಆಗದ ಅವರು ತೆಂಗಿನ ಮರದ ನೆರಳಲ್ಲಿ ಕುಳಿತು, ಕೇರಿಯ ಅಜ್ಜಿಯೊಬ್ಬರ ಜೊತೆ ಹಗ್ಗದ ಸಿಕ್ಕು ಬಿಡಿಸುತ್ತಿದ್ದರು. ಒಳ್ಳೆಯ ಹಗ್ಗ ಬೇರೆ, ಕೆಟ್ಟ ಬಲೆ ಬೇರೆ. ಐವತ್ತು ವರ್ಷ ಮಲ್ಲಿಗೆ ಕಟ್ಟಿದ ಬೆರಳುಗಳು! "ನಿಮ್ಮ ಅತ್ತೆ ಬಂದದ್ದು ಒಳ್ಳೇದಾಯ್ತು" ಎಂದರು ಆ ಅಜ್ಜಿ. ನಾವು ನಾಲ್ವರು ಬಂದದ್ದರ ಬಗ್ಗೆ ಏನೂ ಹೇಳಲಿಲ್ಲ.

ಮೂರನೆಯ ದಿನ ಸಂಜೆ ಮಗ ಗೂಡಿನಿಂದ ಸುಮಾರು ಇಪ್ಪತ್ತು ಹೆಜ್ಜೆ ಆಚೆ ಕೂತು ಮರಳಿನಲ್ಲಿ ಕೋಟೆ ಕಟ್ಟುತ್ತಿದ್ದ. ಸುತ್ತಲೂ ಆಳವಾದ ಕಂದಕ. ಎಲ್ಲರಿಗೂ ಹಸಿವಾಗಿತ್ತು. "ಅಮ್ಮಾ, ಗುಂಡಿ ಮುಚ್ಚಿ ಬರ್ತೀನಿ" ಎಂದ. ನಾನೇ ಹೇಳಿದೆ: "ಆಮೇಲೆ ಮುಚ್ಚಿದರಾಯ್ತು, ಗಂಜಿ ಆರಿ ಹೋಗುತ್ತೆ, ಬಾ."

ಆ ರಾತ್ರಿ ಹನ್ನೊಂದರ ಹೊತ್ತಿಗೆ ಹಿರಿಯರು ಬಂದು ಬಾಗಿಲು ತಟ್ಟಿದರು. ಓಡಿದೆವು. ಬಲೆಯ ನಡುವೆ ಮರಳು ಮೆಲ್ಲಗೆ ಕುಸಿಯಿತು. ಒಂದು ಕರಿಯ ಮೂತಿ, ಆಮೇಲೆ ಇನ್ನೊಂದು. ನೋಡುನೋಡುತ್ತಿದ್ದಂತೆ ನೀರು ಉಕ್ಕಿದ ಹಾಗೆ ಮರಿಗಳು ಉಕ್ಕಿ ಬಂದವು. ಅವನ್ನು ಎತ್ತಿ ನೀರಿಗೆ ಬಿಡಬಾರದು, ತಾವೇ ನಡೆದು ಹೋಗಬೇಕು. ಕತ್ತಲಲ್ಲಿ ಕಡಲಿನ ಮೇಲಿನ ಆಕಾಶ ತುಸು ಬೆಳ್ಳಗಿರುತ್ತದೆ, ಆ ಬೆಳಕನ್ನೇ ನಂಬಿ ಹೊರಡುತ್ತವೆ. ಅದಕ್ಕೇ ಅಲ್ಲಿ ಟಾರ್ಚು ಹಾಕಬಾರದು. ಹಾಕಲೇಬೇಕಾದರೆ ಕೆಂಪು ಕಾಗದ ಸುತ್ತಿದ ಮಂದ ಬೆಳಕು. ಇದನ್ನು ನಮಗೆ ಮೂರು ಸಲ ಹೇಳಿದ್ದರು.

ಆದರೂ ನಮ್ಮ ಮನೆಯವರು ವಿಡಿಯೊ ಮಾಡುವ ಆಸೆಯಿಂದ ಮೊಬೈಲ್ ಎತ್ತಿದರು. ಕೈ ತಾಗಿ ಅದರ ಬೆಳಕು ಝಗ್ಗನೆ ಹೊತ್ತಿತು. ನಾಲ್ಕೈದು ಕ್ಷಣ, ಅಷ್ಟೇ. ಅಷ್ಟರಲ್ಲಿ ಹತ್ತಾರು ಮರಿಗಳು ಗಕ್ಕನೆ ನಿಂತು ಇತ್ತ ತಿರುಗಿದವು. ಹಿರಿಯರು ಬೈಯಲಿಲ್ಲ. ತಮ್ಮ ಅಂಗೈಯನ್ನು ಮೊಬೈಲ್ ಮೇಲೆ ಇಟ್ಟರು. ಕತ್ತಲಾಯಿತು. ಸ್ವಲ್ಪ ಹೊತ್ತಿಗೆ ಮರಿಗಳು ಮತ್ತೆ ಕಡಲಿನ ಕಡೆ ಹೊರಟವು. ಕೆಲವು ಮಾತ್ರ ಓರೆಯಾಗಿ, ನಾವು ಸಮ ಮಾಡಿದ ದಾರಿ ಬಿಟ್ಟು ಹೋದವು. ಎಲ್ಲ ಸೇರಿ 86 ಎಂದು ಮಗಳು ಪುಸ್ತಕದಲ್ಲಿ ಬರೆದಳು. ಆ ಖುಷಿಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ.

ಬೆಳಗ್ಗೆ ಆರಕ್ಕೆ ಮಗ ಎಲ್ಲರಿಗಿಂತ ಮೊದಲು ದಡಕ್ಕೆ ಓಡಿದ್ದ. ನಾವು ಹೋಗುವಾಗ ಅವನು ತನ್ನ ಕೋಟೆಯ ಪಕ್ಕ ಮೊಣಕಾಲೂರಿ ಕುಳಿತಿದ್ದ. ಮಾತಿಲ್ಲ. ಕಂದಕದ ತಳದಲ್ಲಿ ಒಂದು ಮರಿ. ಹತ್ತಲು ನೋಡಿದ ಗುರುತುಗಳು ಗೋಡೆಯ ಸುತ್ತಲೂ ಇದ್ದವು. ರಾತ್ರಿಯಲ್ಲಿ ಏಡಿ ಹಿಡಿದಿತ್ತು. ಜೀವ ಇರಲಿಲ್ಲ.

"ನಾನು ಮುಚ್ಚುತ್ತೇನೆ ಅಂದಿದ್ದೆ ಅಮ್ಮಾ" ಎಂದ.

ಹೌದು, ಅವನು ಅಂದಿದ್ದ. ಬೇಡ ಎಂದದ್ದು ನಾನು. ಬೆಳಕು ಹಾಕಿದ್ದು ಅವನ ಅಪ್ಪ. ದೊಡ್ಡವರಿಬ್ಬರ ಎರಡು ಸಣ್ಣ ಅಜಾಗರೂಕತೆಗಳು ಕೂಡಿ ಆ ಮರಿಯನ್ನು ಅಲ್ಲಿಗೆ ತಂದಿದ್ದವು. "ತಪ್ಪು ನಿನ್ನದಲ್ಲ ಪುಟ್ಟ, ನಮ್ಮದು" ಎಂದು ಅವನಿಗೆ ಹೇಳಿದೆ. ಅವನ ಅಪ್ಪನೂ ಪಕ್ಕದಲ್ಲಿ ಕೂತು ಅದನ್ನೇ ಹೇಳಿದರು. ಹಿರಿಯರು ಬಂದು ನೋಡಿದರು. ಸಾವಿರ ಮರಿಗಳಲ್ಲಿ ಒಂದು ಮಾತ್ರ ದೊಡ್ಡದಾಗುತ್ತದೆ ಎಂದು ಹೇಳುವುದುಂಟು. ನಮ್ಮ ಸಮಾಧಾನಕ್ಕೆ ಅವರು ಅದನ್ನೇ ಹೇಳಬಹುದಿತ್ತು. ಅವರು ಹೇಳಿದ್ದು ಬೇರೆ: "ಮೀನು ತಿಂದರೆ ಅದು ಕಡಲಿನ ಲೆಕ್ಕ. ಇದು ನಮ್ಮ ಲೆಕ್ಕ ತಮ್ಮಾ. ನಾನೂ ಒಮ್ಮೆ ನೋಡಿ ಬರಬೇಕಿತ್ತು."

ಮಗ ಬೆಳಗಿನ ತಿಂಡಿ ಮುಟ್ಟಲಿಲ್ಲ. ಆಗ ಅತ್ತೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಂಗತಿ ಹೇಳಿದರು. ನಾನೂ ಅದನ್ನು ಕೇಳಿದ್ದು ಅದೇ ಮೊದಲು. ಅವರಿಗೆ ಒಂಬತ್ತು ವರ್ಷವಿದ್ದಾಗ ಕೊಟ್ಟಿಗೆಯ ದಣಪೆ ಹಾಕಲು ಮರೆತು ಆಡಲು ಓಡಿದ್ದರಂತೆ. ಎಳಗರು ಹೊರಗೆ ಹೋಗಿ ತೋಟದ ಹಳ್ಳಕ್ಕೆ ಬಿತ್ತು, ಉಳಿಯಲಿಲ್ಲ. "ನಿಮ್ಮಪ್ಪ ಹೊಡೆದ್ರಾ ಅಜ್ಜಿ?" ಎಂದ ಮಗ. "ಇಲ್ಲ. ಅವತ್ತಿಂದ ದಿನಾ ಸಂಜೆ ದಣಪೆ ಹಾಕುವ ಕೆಲಸ ನನಗೇ ಕೊಟ್ಟರು. ಮದುವೆಯಾಗಿ ಹೊರಡುವ ಹಿಂದಿನ ದಿನದವರೆಗೂ ನಾನೇ ಹಾಕಿದೆ. ತಪ್ಪಾಯ್ತು ಅಂತ ಅತ್ತರೆ ಸಾಲದು ಮರಿ. ಹೋಗು, ಗುಂಡಿ ಮುಚ್ಚು."

ಅವನು ಹೋಗಿ ಮುಚ್ಚಿದ. ಮೊದಲು ತನ್ನದು, ಆಮೇಲೆ ಬೇರೆಯವರದು. ಉಳಿದ ಎರಡು ದಿನ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಸಣ್ಣ ಹಾರೆ ಹಿಡಿದು ದಡದುದ್ದಕ್ಕೂ ನಡೆದ. ಮರಳುಮನೆ ಕಟ್ಟುತ್ತಿದ್ದ ಮಕ್ಕಳ ಹತ್ತಿರ ಹೋಗಿ, "ಆಡಿ, ಆದರೆ ಹೋಗುವಾಗ ಮುಚ್ಚಿ ಹೋಗಿ. ಇಲ್ಲಿ ಮರಿಗಳು ನಡೀತವೆ" ಎನ್ನುತ್ತಿದ್ದ. ಮುಖ ಊದಿಸಿಕೊಂಡಿದ್ದ ಅಕ್ಕನೂ ಅವನ ಹಿಂದೆ ಹೋದಳು. ಇನ್ನೊಂದು ಗೂಡು ನಾವಿದ್ದಾಗ ಒಡೆಯಲಿಲ್ಲ. ಅದರ ಮರಿಗಳನ್ನು ನಾವು ನೋಡಲೇ ಇಲ್ಲ. ನಾವು ಹೊರಟ ನಾಲ್ಕನೇ ದಿನ ಹಿರಿಯರು ಫೋನ್ ಮಾಡಿದರು: "ಹುಡುಗನಿಗೆ ಹೇಳಿ, ಎಲ್ಲವೂ ನೀರು ಸೇರಿದವು."

ಈ ಬೇಸಿಗೆಯಲ್ಲಿ ನೀವೂ ಹೀಗೆ ಎಲ್ಲಿಗಾದರೂ ಹೊರಡುವುದಾದರೆ, ನಮ್ಮ ಪೆಟ್ಟಿನಿಂದ ಕಲಿತ ನಾಲ್ಕು ಮಾತು. ಹೊರಡುವ ಮೊದಲು "ನಿಮಗೆ ಏನು ಬೇಕು?" ಎಂದು ಕೇಳಿ; ನಿಮಗೆ ಇಷ್ಟವಾದದ್ದನ್ನು ಹೊತ್ತುಕೊಂಡು ಹೋಗಬೇಡಿ. ವರ್ಷವಿಡೀ ಆ ಕೆಲಸ ಮಾಡುವವರು ಹೇಳಿದಂತೆ ನಡೆಯಿರಿ. ನಾವು ಐದು ದಿನದವರು, ಅವರು ಸದಾ ಇರುವವರು. ಊಟ, ವಸತಿಯನ್ನು ಆ ಊರಿನವರಲ್ಲೇ ಮಾಡಿ, ಹಣ ಕೊಡಿ. ಸಹಾಯ ಮಾಡಲು ಬಂದವರು ಅವರಿಗೆ ಖರ್ಚಾಗಬಾರದು. ಫೋಟೊ ಆಸೆ ಸ್ವಲ್ಪ ಕಡಿಮೆ ಇರಲಿ. ಮತ್ತು ಸಾಧ್ಯವಾದರೆ ಅಜ್ಜ-ಅಜ್ಜಿಯರನ್ನು ಕರೆದುಕೊಂಡು ಹೋಗಿ. ಸಿಕ್ಕು ಬಿಡಿಸುವುದು ಅವರಿಗೇ ಚೆನ್ನಾಗಿ ಗೊತ್ತು.

ದೂರ ಹೋಗಲು ಆಗದಿದ್ದರೂ ಬೇಸರವಿಲ್ಲ. ನಿಮ್ಮ ಊರಿನ ಕೆರೆಯ ದಂಡೆ, ಗ್ರಂಥಾಲಯದ ಹರಿದ ಪುಸ್ತಕಗಳು, ಪಕ್ಕದ ಬೀದಿಯಲ್ಲಿ ಒಂಟಿಯಾಗಿರುವ ಅಜ್ಜ, ಎಲ್ಲ ಇವೆ. ಅಲ್ಲಿಯೂ ಮೊದಲ ಪ್ರಶ್ನೆ ಅದೇ: "ಏನು ಬೇಕು?"

ಹೆಣ್ಣಾಮೆ ದೊಡ್ಡದಾಗಿ ಮೊಟ್ಟೆ ಇಡಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ಆಗ ಅದು ತಾನು ಹುಟ್ಟಿದ ಕರಾವಳಿಯ ಕಡೆಗೇ ಬರುತ್ತದೆ. ಮಗ ಬೆರಳು ಮಡಿಸಿ ಲೆಕ್ಕ ಹಾಕಿದ್ದಾನೆ. ಅವನಿಗೆ ಈಗ ಒಂಬತ್ತು. ಆಮೆ ಬರುವಾಗ ಅವನು ಕಾಲೇಜು ಮುಗಿಸಿರುತ್ತಾನೆ. "ಆಗಲೂ ಹೋಗೋಣ ಅಮ್ಮಾ. ಅಷ್ಟರಲ್ಲಿ ಎಷ್ಟು ಗುಂಡಿ ಆಗಿರುತ್ತೋ ಏನೋ" ಎನ್ನುತ್ತಾನೆ. ಹಾರೆ ಈಗ ನಮ್ಮ ಮನೆಯ ಚಪ್ಪಲಿ ಗೂಡಿನ ಪಕ್ಕದಲ್ಲಿದೆ. ಈ ಏಪ್ರಿಲ್‌ನಲ್ಲಿ ಚೀಲಕ್ಕೆ ಮೊದಲು ಸೇರುವುದು ಅದೇ.