ಹೂವು ನಿಮ್ಮದು, ಕೊಡ ಅವ್ವಂದು

ಹೈಡ್ರೇಂಜಿಯಾ ಮೇಲೆ ನನಗೆ ಯಾವ ಹಗೆತನವೂ ಇಲ್ಲ. ಮಡಿಕೇರಿಯಲ್ಲಿ, ಊಟಿಯಲ್ಲಿ ಅದು ಅಂಗಳದ ತುಂಬ ನೀಲಿ ನೀಲಿ ಗೊಂಚಲು ಬಿಟ್ಟು ನಿಂತಾಗ ನಾನೂ ಗಾಡಿ ನಿಲ್ಲಿಸಿ ಫೋಟೋ ಹೊಡೆದುಕೊಂಡಿದ್ದೇನೆ. ನನ್ನ ಜಗಳ ಇರೋದು ಆ ಗಿಡವನ್ನ ಕಾರಿನ ಡಿಕ್ಕಿಯಲ್ಲಿ ಹಾಕ್ಕೊಂಡು ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹಳ್ಳಿಮನೆಗೆ ತಂದು, ಹಿತ್ತಲ ಬೇವಿನ ಮರದ ಕೆಳಗಿಟ್ಟು, ಒಂದು ರೀಲ್ಸ್ ಮಾಡಿ, ಭಾನುವಾರ ರಾತ್ರಿ ಬೆಂಗಳೂರು ದಾರಿ ಹಿಡಿಯೋ ನಮ್ಮ ಓರಗೆಯವರ ಜೊತೆ.

ಗಿಡದ ಜೊತೆ ಬರೋ ಚೀಟಿಯಲ್ಲಿ ಒಂದು ಸಾಲು ಇರುತ್ತೆ: ಬೆಳಗಿನ ಎಳೆಬಿಸಿಲು, ಮಧ್ಯಾಹ್ನ ನೆರಳು. ಎಲ್ಲರೂ ಅಷ್ಟನ್ನ ಓದಿ ನಿಲ್ಲಿಸಿಬಿಡ್ತಾರೆ. ಅರೆನೆರಳು ತಾನೇ, ನಮ್ಮ ಹಿತ್ತಲಲ್ಲಿ ಬೇಕಾದಷ್ಟಿದೆ ಅಂತಾರೆ. ಸ್ವಾಮಿ, ಬೇವಿನ ಮರ ಬಿಸಿಲು ತಡೆಯುತ್ತೆ, ಬಿಸಿಗಾಳಿ ತಡೆಯಲ್ಲ. ಏಪ್ರಿಲ್‌ನಲ್ಲಿ ನಮ್ಮ ಕಡೆ 38 ಡಿಗ್ರಿ ಮುಟ್ಟೋದು ದೊಡ್ಡ ಮಾತಲ್ಲ. ಅಂಗೈ ಅಗಲದ ಎಲೆಯಿಂದ ನೀರು ಆವಿಯಾಗೋ ವೇಗಕ್ಕೆ ಬೇರು ಹೀರಿ ಕೊಡೋಕಾಗದೆ ಮಧ್ಯಾಹ್ನ ಹನ್ನೆರಡಕ್ಕೇ ಗಿಡ ಜೋತು ಬೀಳುತ್ತೆ. ಅದರ ಮೇಲೆ ಇದು ಜಪಾನಿನ ಮೂಲದ್ದು. ಮೊಗ್ಗು ಕಟ್ಟೋಕೆ ವಾರಗಟ್ಟಲೆ ತಂಪು ಹವೆ ಬೇಕು. ನಮ್ಮ ಚಳಿಗಾಲವೋ, ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನು.

ಇನ್ನು ಮಣ್ಣು. ಹೈಡ್ರೇಂಜಿಯಾಕ್ಕೆ ಹುಳಿ ಮಣ್ಣು ಬೇಕು. ಪಿಎಚ್ ಸುಮಾರು 5ರಿಂದ 6.5ರೊಳಗಿದ್ದರೆ ಅದಕ್ಕೆ ಸುಖ. ಹುಳಿ ಮಣ್ಣಲ್ಲಿ ಅಲ್ಯುಮಿನಿಯಂ ಕರಗಿ ಬೇರಿಗೆ ಸಿಗೋದರಿಂದಲೇ ಆ ನೀಲಿ ಬಣ್ಣ. ನಮ್ಮದು ಎರೆ ಭೂಮಿ. ಅಗೆದರೆ ಸುಣ್ಣದ ಹರಳು ಸಿಗುತ್ತೆ, ಪಿಎಚ್ 8ರ ಆಸುಪಾಸು ಇರುತ್ತೆ. ಇಂಥ ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಈ ಗಿಡಕ್ಕೆ ದಕ್ಕಲ್ಲ. ನರ ಹಸಿರಾಗಿ ಉಳಿದು ಉಳಿದ ಎಲೆಯೆಲ್ಲ ಹಳದಿಯಾಗುತ್ತೆ. ಆಗ ಯೂಟ್ಯೂಬ್ ಗುರುಗಳು ಬರ್ತಾರೆ. ವಿನೆಗರ್ ಹಾಕಿ, ಕಾಫಿ ಚರಟ ಹಾಕಿ, ಪಟಿಕ ಹಾಕಿ. ಸುಣ್ಣ ತುಂಬಿದ ಎರೆಮಣ್ಣಿಗೆ ಎರಡು ಚಮಚ ಹುಳಿ ಹಾಕೋದು ಅಂದ್ರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅದೇ ಎರೆ ಮಣ್ಣು ಕಡಲೆಗೆ, ಜೋಳಕ್ಕೆ, ಹತ್ತಿಗೆ ಬಂಗಾರ. ಮಣ್ಣು ಕೆಟ್ಟದ್ದಲ್ಲ, ನೀವು ತಂದ ಗಿಡಕ್ಕೆ ಅದು ಒಗ್ಗಲ್ಲ, ಅಷ್ಟೇ.

"ಅದಕ್ಕೇ ನಾವು ಕುಂಡದಲ್ಲಿ ಬೆಳೆಸ್ತೀವಿ, ಕೊಕೊಪೀಟ್ ಹಾಕ್ತೀವಿ" ಅಂತ ಜಾಣರು ಹೇಳ್ತಾರೆ. ಒಪ್ಪಿದೆ, ಮಣ್ಣಿನ ಸಮಸ್ಯೆ ಮುಗೀತು. ನೀರು? ನಮ್ಮ ಕಡೆ ಎಷ್ಟೋ ಊರಲ್ಲಿ ಬೋರಿನ ನೀರು ಸವಳು. ದಿನಾ ಅದನ್ನೇ ಹಾಕಿದರೆ ಕೊಕೊಪೀಟಿನ ಕುಂಡವೂ ಕೆಲವೇ ತಿಂಗಳಲ್ಲಿ ಎರೆ ಹೊಲದ ದಾರಿಗೇ ಬರುತ್ತೆ. ಹಾಗಾದರೆ ಸಿಹಿನೀರೇ ಬೇಕು. ಸಿಹಿನೀರು ಅಂದರೆ ಮಲಪ್ರಭೆಯ ಕಾಲುವೆಯಿಂದ ತುಂಬಿಸಿದ ಕೆರೆಯದ್ದು, ಇಲ್ಲಾ ನಾಣ್ಯ ಹಾಕಿ ಕ್ಯಾನ್ ತುಂಬಿಸೋ ಶುದ್ಧ ನೀರಿನ ಘಟಕದ್ದು. ಎರಡೂ ಕುಡಿಯೋ ನೀರು.

ಲೆಕ್ಕ ಹಾಕೋಣ, ನಾವು ಎಕ್ಸೆಲ್ ಮಂದಿ ತಾನೇ. ದೊಡ್ಡ ಕುಂಡ ಒಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ 5 ಲೀಟರ್ ಅಂತ ಹಿಡೀರಿ. ನಾಲ್ಕು ಕುಂಡಕ್ಕೆ 20 ಲೀಟರ್. ಮಾರ್ಚಿನಿಂದ ಮೇ ತನಕ 90 ದಿನಕ್ಕೆ 1,800 ಲೀಟರ್. ಕೊಡ ಒಂದಕ್ಕೆ 15 ಲೀಟರ್ ಅಂದರೂ 120 ಕೊಡ. ಆ 120 ಕೊಡ ಹೊರೋರು ಯಾರು? ನೀವಲ್ಲ. ನೀವು ಮಾರತಹಳ್ಳಿಯ ಟ್ರಾಫಿಕ್‌ನಲ್ಲಿ ಇರ್ತೀರಿ.

ಅಣ್ಣಿಗೇರಿ ಹತ್ತಿರದ ನಮ್ಮೂರಲ್ಲಿ ನನ್ನ ಚಿಗವ್ವ ಇದ್ದಾಳೆ. ಮೊಣಕಾಲು ನೋವು, ಮೆಟ್ಟಿಲು ಹತ್ತೋಕೆ ಗೋಡೆ ಹಿಡೀಬೇಕು. ಮಗ ಪುಣೆಯಲ್ಲಿ. ಅವನು ತಂದಿಟ್ಟ ನಾಲ್ಕು ಕುಂಡ ಹಿತ್ತಲಲ್ಲಿ ಇವೆ. ಹೋದ ವರ್ಷ ಏಪ್ರಿಲ್‌ನಲ್ಲಿ ಹೋದಾಗ ಕುಡಿಯೋ ನೀರಿನ ಕೊಡದಿಂದ ಚೆರಿಗೆ ಎದ್ದಿ ಎದ್ದಿ ಆ ಕುಂಡಗಳಿಗೆ ಹಾಕ್ತಿದ್ದಳು. ಯಾಕೆ ಇಷ್ಟು ಉಸಾಬರಿ ಅಂದೆ. "ಏನ್ ಮಾಡ್ಲೆವ್ವಾ, ಅಂವಾ ದಿನಾ ರಾತ್ರಿ ವೀಡಿಯೋ ಕಾಲ್ ಮಾಡಿ ಗಿಡಾ ತೋರ್ಸು ಅಂತಾನ. ಬಾಡಿದ್ರ ಮಾರಿ ಸಣ್ಣದ್ ಮಾಡ್ತಾನ" ಅಂದಳು. ಆಮೇಲೆ ತಾನೇ ನಕ್ಕು, "ವಾಸನಿ ಇಲ್ಲ, ದೇವರಿಗೆ ಏರ್ಸಂಗಿಲ್ಲ, ತಲಿಗೆ ಮುಡಿಯಂಗಿಲ್ಲ. ಇದೆಂಥಾ ಹೂವ ಅದೀತ ನೋಡು" ಅಂದಳು. ಎಮ್ಮೆ ಕರು ಹಗ್ಗ ಬಿಚ್ಚಿಕೊಂಡು ಬಂದು ಬಾಯಿ ಹಾಕಿದರೆ ಇನ್ನೊಂದು ಫಜೀತಿ, ಆ ಎಲೆ ದನಕರುಗಳಿಗೆ ವಿಷ. ಅದನ್ನ ಅವಳಿಗೆ ಯಾರೂ ಹೇಳಿರಲಿಲ್ಲ.

ಈ ಸೀಮೆಯಲ್ಲಿ ನೀರಿನ ಬೆಲೆ ಗೊತ್ತಿಲ್ಲದ ಮನೆ ಇಲ್ಲ. ಮಲಪ್ರಭೆಯ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ ಕಟ್ಟಿ ಅಂದಾಗ ಎದ್ದು ನಿಂತವರು ನವಲಗುಂದ, ನರಗುಂದದ ರೈತರು. 1980ರ ಜುಲೈ 21ರಂದು ಗೋಲಿಬಾರ್ ಆಯ್ತು, ಜೀವ ಹೋದವು. ಇವತ್ತಿಗೂ ಆ ದಿನ ಹುತಾತ್ಮ ರೈತರ ದಿನ. ಕಳಸಾ-ಬಂಡೂರಿಗಾಗಿ 2015ರಿಂದ ವರ್ಷಗಟ್ಟಲೆ ಧರಣಿ ಕೂತವರೂ ಇದೇ ಮಂದಿ. 2016ರ ಜುಲೈನಲ್ಲಿ ನವಲಗುಂದ ತಾಲೂಕಿನ ಯಮನೂರಲ್ಲಿ ಪೊಲೀಸರು ಲಾಠಿ ಬೀಸಿದ ವಿಡಿಯೋ ನೀವೂ ಫಾರ್ವರ್ಡ್ ಮಾಡಿರ್ತೀರಿ. ಪ್ರೊಫೈಲ್‌ಗೆ ಮಹದಾಯಿ ಸ್ಟಿಕರ್ ಅಂಟಿಸಿ, ಹಿತ್ತಲಲ್ಲಿ ಕುಡಿಯೋ ನೀರು ಕುಡಿಯೋ ಗಿಡ ಇಡೋದು ನನಗೆ ಅರ್ಥವಾಗಲ್ಲ.

ಅಂದಹಾಗೆ ಹೈಡ್ರೇಂಜಿಯಾ ಅನ್ನೋ ಹೆಸರು ಗ್ರೀಕ್ ಭಾಷೆಯ ನೀರು ಮತ್ತು ಪಾತ್ರೆ ಅನ್ನೋ ಎರಡು ಪದಗಳಿಂದ ಬಂದದ್ದು. ಅದರ ಬೀಜದ ಕಾಯಿ ನೀರಿನ ಹೂಜಿಯ ಆಕಾರದಲ್ಲಿರೋದಕ್ಕೆ ಆ ಹೆಸರು. ನಮ್ಮೂರಲ್ಲಿ ಮಾತ್ರ ಕಾಯಿ ನೋಡೋದೇ ಬೇಡ, ಹೊತ್ತ ಕೊಡ ಎಣಿಸಿದರೆ ಸಾಕು.

ಇದು ಸ್ವದೇಶಿ ಗಿಡದ ಭಾಷಣ ಅಂದುಕೊಳ್ಳಬೇಡಿ. ಮೆಣಸಿನಕಾಯಿ ಅಮೆರಿಕ ಖಂಡಗಳ ಕಡೆಯಿಂದ ಬಂದು ಕುಂದಗೋಳದ ಹೊಲದಲ್ಲಿ ಮನೆಮಗಳಾಗಿದೆ. ಸಂಜೆಮಲ್ಲಿಗೆಯೂ ಆ ಕಡೆಯದೇ. ಅದು ಅರೆನೆರಳಲ್ಲಿ ಬೆಳೆಯುತ್ತೆ, ಬೇಸಿಗೆಯಲ್ಲಿ ಮೇಲೆ ಒಣಗಿದರೂ ಗೆಡ್ಡೆ ನೆಲದೊಳಗೆ ಕಾದಿದ್ದು ಮಳೆ ಬಿದ್ದೊಡನೆ ಚಿಗುರುತ್ತೆ, ದೀಪ ಹಚ್ಚೋ ಹೊತ್ತಿಗೆ ಅರಳಿ ಘಮ್ ಅನ್ನುತ್ತೆ. ಪ್ರಶ್ನೆ ಇರೋದು ಎಲ್ಲಿಂದ ಬಂತು ಅಂತಲ್ಲ, ಬಂದ ಮೇಲೆ ಯಾರ ಸೊಂಟದ ಮೇಲೆ ಬದುಕುತ್ತೆ ಅಂತ.

"ಹಳ್ಳಿಯವರು ಚೆಂದದ್ದು ನೋಡಬಾರದಾ?" ಅಂತಲೂ ಕೇಳ್ತೀರಿ. ಖಂಡಿತ ನೋಡಬೇಕು. ಆದರೆ ಅವರು ನೋಡ್ತಾ ಬಂದಿರೋ ಚೆಂದ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಅರೆನೆರಳಿನ ಹಿತ್ತಲಲ್ಲಿ ಅಬ್ಬಲಿ ಇದೆ, ಕಿತ್ತ ಮೇಲೂ ಮಾಲೆಯಾಗಿ ದಿನ ತಡೆಯುತ್ತೆ. ದೊಡ್ಡಪತ್ರೆ ಇದೆ, ತಂಬುಳಿಗೂ ಆಯ್ತು, ಕೆಮ್ಮಿಗೂ ಆಯ್ತು. ಬಚ್ಚಲ ನೀರು ಹರಿಯೋ ಜಾಗದಲ್ಲಿ ಬಾಳೆ, ಪಕ್ಕಕ್ಕೆ ಕರಿಬೇವು. ಇದಕ್ಕೆಲ್ಲ ಅವ್ವ ಬೇರೆ ಕೊಡ ಎತ್ತಿಲ್ಲ, ಪಾತ್ರೆ ತೊಳೆದ ನೀರೇ ಸಾಕಾಗಿದೆ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಮಾಡಿದವರಿಗೆ ನಿಮ್ಮ ಪರಿಚಯ ಮೊದಲೇ ಇತ್ತೇನೋ.

ಇಷ್ಟು ಹೇಳಿದರೂ ಬೇಕೇ ಬೇಕು ಅನ್ನೋರಿಗೆ ದಾರಿ ಇದೆ. ಧಾರವಾಡ ಜಿಲ್ಲೆ ಪೂರ್ತಿ ಎರೆ ಅಲ್ಲ. ಕಲಘಟಗಿ ಕಡೆ ಹೋದರೆ ಕೆಮ್ಮಣ್ಣು, ಕಾಡು, ಭತ್ತದ ಗದ್ದೆ, ಮಲೆನಾಡಿನ ಸೆರಗು. ಅಲ್ಲಿ ಮನೆ ಇದ್ದರೆ ಒಂದು ಕುಂಡ ಇಟ್ಟು ನೋಡಿ. ಎರೆ ಸೀಮೆಯಲ್ಲೇ ಬೇಕು ಅಂದ್ರೆ ಮೊದಲು ಚಾವಣಿಯ ನೀರು ಹಿಡಿಯೋ ಟಾಕಿ ಕಟ್ಟಿಸಿ. 1,000 ಚದರ ಅಡಿ ಚಾವಣಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಹೆಚ್ಚು ನೀರು. ಸೋರಿ ಹೋದದ್ದು ಬಿಟ್ಟರೂ ಅಂಥ ಮೂರು ಮಳೆಯಲ್ಲಿ ನಾನು ಮೇಲೆ ಹೇಳಿದ 1,800 ಲೀಟರ್ ಬಂತು. ಮಳೆನೀರಲ್ಲಿ ಸವಳಿಲ್ಲ, ನಿಮ್ಮ ಗಿಡಕ್ಕೂ ಅದೇ ಹಿತ. ಟಾಕಿಗೊಂದು ನಲ್ಲಿ ಕೂರಿಸಿ, ಕುಂಡದ ತನಕ ಡ್ರಿಪ್ ಪೈಪ್ ಎಳೆಯಿರಿ.

ಆದರೆ ಟಾಕಿ ತುಂಬಿದ ಮೊದಲ ವರ್ಷ ಆ ನೀರು ಅವ್ವನ ಬಳಕೆಗೆ ಬಿಡಿ. ಮಾರ್ಚ್, ಏಪ್ರಿಲ್, ಮೇ ಮೂರೂ ತಿಂಗಳು ಅವಳು ಹೊರಗಿಂದ ಒಂದು ಕೊಡವೂ ಹೊರದೆ ಕಳೆದಳು ಅಂದ್ರೆ, ಟಾಕಿಯ ತಳದಲ್ಲಿ ಇನ್ನೂ ನೀರು ಉಳಿದಿದೆ ಅಂದ್ರೆ, ಆಗ ಊಟಿಗೆ ಹೋಗಿ. ಡಿಕ್ಕಿಯಲ್ಲಿ ಒಂದೇ ಕುಂಡಕ್ಕೆ ಜಾಗ ಮಾಡಿ.