ಇಂಜೆಕ್ಷನ್ ಕೊಟ್ಟಾಯ್ತು, ಆಮೇಲೆ?

ಹಾರ್ಟ್ ಅಟ್ಯಾಕ್ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಗೆ ಬಂದಾಗ ಫೋಟೊ ಸಮೇತ ಸುದ್ದಿ ಬರೆದವರು ನಾವೇ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆ, ಹೊರಗೆ ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಇಲ್ಲಿ ಉಚಿತ. ಒಳ್ಳೆಯ ಯೋಜನೆ, ಎರಡು ಮಾತಿಲ್ಲ. ಆದರೆ ಇಂಜೆಕ್ಷನ್ ಆದ ಮೇಲೆ ಏನು ಎಂದು ನಾವು ಕೇಳಲಿಲ್ಲ. ತಪ್ಪು ನಮ್ಮದೂ ಇದೆ.

ಆ ಔಷಧ ಹೃದಯದ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುತ್ತದೆ. ಎಲ್ಲರಲ್ಲೂ ಪೂರ್ತಿ ಕರಗುವುದಿಲ್ಲ. ಉಳಿದ ಹೆಪ್ಪಿನ ಮೇಲೆ ಮತ್ತೆ ಹೆಪ್ಪು ಕಟ್ಟಬಹುದು. ಕೆಲವರಲ್ಲಿ ದೊಡ್ಡ ನಾಳ ತೆರೆದುಕೊಂಡರೂ ಹೆಪ್ಪಿನ ಚೂರುಗಳು ಕೆಳಗಿನ ಕೂದಲೆಳೆಯಂಥ ನಾಳಗಳಲ್ಲಿ ಸಿಕ್ಕಿಕೊಂಡು, ಹೃದಯದ ಮಾಂಸಖಂಡಕ್ಕೆ ರಕ್ತವೇ ಮುಟ್ಟುವುದಿಲ್ಲ. ತೂಬು ಎತ್ತಿದ್ದಾರೆ, ಹೊಲಗಾಲುವೆಯಲ್ಲಿ ಹೂಳು, ಕೊನೆಯ ಗದ್ದೆಗೆ ಹನಿ ನೀರಿಲ್ಲ. ಟೇಲ್ ಎಂಡ್ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ದೊಡ್ಡಾಸ್ಪತ್ರೆಯಲ್ಲಿ ಪೈಪು ಹಾಕಿ ಹೆಪ್ಪು ಹೀರಿಬಿಡಲಿ ಎನ್ನಬಹುದು. ಅದನ್ನೂ ನೋಡಿದ್ದಾರೆ. 2015ರಲ್ಲಿ ಪ್ರಕಟವಾದ ಟೋಟಲ್ ಎಂಬ ಅಧ್ಯಯನದಲ್ಲಿ 10 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಎಲ್ಲರಿಗೂ ಹೀರಿ ತೆಗೆದದ್ದರಿಂದ ಸಾವು ಕಡಿಮೆಯಾಗಲಿಲ್ಲ, ಪಾರ್ಶ್ವವಾಯು ತುಸು ಹೆಚ್ಚಾಯಿತು. ಇಲ್ಲಿ ಕಳೆದ ಹೊತ್ತನ್ನು ಅಲ್ಲಿ ಯಾವ ಪೈಪೂ ತಂದುಕೊಡುವುದಿಲ್ಲ.

ಅದಕ್ಕೇ ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿ ಇಂಜೆಕ್ಷನ್ ಆದ ಕೂಡಲೇ ಕ್ಯಾಥ್‌ಲ್ಯಾಬ್ ಇರುವ ಆಸ್ಪತ್ರೆಗೆ ಹೊರಡಿಸಿ ಎನ್ನುತ್ತದೆ. 60ರಿಂದ 90 ನಿಮಿಷದಲ್ಲಿ ಎರಡನೇ ಇಸಿಜಿ. ಮೇಲೆದ್ದಿದ್ದ ಗೆರೆ ಅರ್ಧಕ್ಕಾದರೂ ಇಳಿಯದಿದ್ದರೆ ತಕ್ಷಣ ಆಂಜಿಯೋಪ್ಲಾಸ್ಟಿ. ಇಳಿದಿದ್ದರೂ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ.

ನಮ್ಮಲ್ಲಿ? ನೋವು ಇಳಿಯಿತು, ಎದೆ ಹಗುರಾಯಿತು, ಮನೆಗೆ ಕರೆದುಕೊಂಡು ಹೋಗುತ್ತೇವೆ ಎನ್ನುತ್ತಾರೆ ಮನೆಯವರು. ಜನರಿಗೆ ತಿಳಿವಳಿಕೆ ಇಲ್ಲ ಎಂದು ಸಾಹೇಬರು ಕೈತೊಳೆದುಕೊಳ್ಳುತ್ತಾರೆ. ಯಾರು ಹೇಳಿದ್ದರು ಸ್ವಾಮಿ ತಿಳಿಯೋಕೆ? ರಾತ್ರಿ ಹನ್ನೊಂದಕ್ಕೆ ಆಂಬುಲೆನ್ಸ್ ಇಲ್ಲ, ಜೊತೆಗೆ ಹೋಗುವವರ ಜೇಬಲ್ಲಿ ದುಡ್ಡಿಲ್ಲ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ ಕಟ್ಟಿವೆ. ಇದು ತಿಳಿವಳಿಕೆಯ ಕೊರತೆಯೇ?

ಎಷ್ಟು ಇಂಜೆಕ್ಷನ್ ಕೊಟ್ಟೆವು ಎಂಬ ಲೆಕ್ಕ ನಮಗೆ ಸಾಲದು. ಎಷ್ಟು ಜನಕ್ಕೆ ಎರಡನೇ ಇಸಿಜಿ ಆಯಿತು, ಎಷ್ಟು ಜನ 24 ಗಂಟೆಯೊಳಗೆ ಕ್ಯಾಥ್‌ಲ್ಯಾಬ್ ಮುಟ್ಟಿದರು, ಅದು ಬೇಕು. ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಿದ್ದೇವೆ. ನಿಮ್ಮ ತಾಲ್ಲೂಕಿನಲ್ಲಿ ನೀವೂ ಹಾಕಿ, ಶುಲ್ಕ 10 ರೂಪಾಯಿ.