ತೋಟದಾಳಿನ ಮಾತೂ ಇಲಾಖೆಗೆ ಮುಟ್ಟಲಿ



ಕಾಫಿ ಕುಯ್ಲಿಗೆ ಅಸ್ಸಾಂ, ಜಾರ್ಖಂಡ್‌ಗಳಿಂದ ಬರುವ ಆಳುಗಳನ್ನು ನಾವಿಂದು ನೆಚ್ಚಿದ್ದೇವೆ. ಅವರನ್ನು ಒದಗಿಸುವವನು ಮೇಸ್ತ್ರಿ. ಸರಕಾರದ ಉದ್ಯೋಗ ವಿನಿಮಯ ಕೇಂದ್ರವಲ್ಲ. ಖಾಲಿ ಕೆಲಸಗಳನ್ನು ಆ ಕೇಂದ್ರಕ್ಕೆ ತಿಳಿಸಬೇಕೆಂದು ವಿಧಿಸಿದ 1959ರ ಕಾಯಿದೆಯು ಖಾಸಗಿ ಕೃಷಿ ಕೂಲಿಯನ್ನು ಹೊರಗಿಟ್ಟಿತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ 5 ಮಂದಿ ಇದ್ದಲ್ಲಿ ಅನ್ವಯಿಸುತ್ತಿತ್ತು. ಅದರ ಸ್ಥಾನಕ್ಕೆ ಬಂದ 2020ರ ಕಾರ್ಮಿಕ ಸಂಹಿತೆಯಲ್ಲಿ ಈ ಮಿತಿ 10. ಮೂರು ನಾಲ್ಕು ಆಳುಗಳ ಸಣ್ಣ ತೋಟ ಅಂದೂ ಹೊರಗೆ, ಇಂದೂ ಹೊರಗೆ. ಮುಂಗಡ ಪಡೆದ ಮೇಸ್ತ್ರಿ ಕಾಣೆಯಾದರೆ ಬೆಳೆಗಾರನಿಗೆ ಹಣ ಹೋಯಿತು, ಆಳಿಗೆ ಕೆಲಸ ಹೋಯಿತು, ಕೇಳುವವರಿಲ್ಲ.

ಕರಡು ನಿಯಮ ಪ್ರಕಟಿಸಿದಾಗ ಸರಕಾರ ಆಕ್ಷೇಪಣೆ, ಸಲಹೆಗಳನ್ನು ಕೇಳುತ್ತದೆ. ನಾವು ಸುಮ್ಮನಿದ್ದರೆ ದೊಡ್ಡ ಎಸ್ಟೇಟುಗಳ ಮಾತಷ್ಟೇ ಕಡತ ಸೇರೀತು. ಕುಯ್ಲಿನ ತಿಂಗಳುಗಳಲ್ಲಿ ಹೋಬಳಿಗೊಂದು ನೋಂದಣಿ ಶಿಬಿರ ನಡೆಯಬೇಕು, ಮುಂಗಡಕ್ಕೆ ರಸೀದಿ ಕಡ್ಡಾಯವಾಗಬೇಕು ಎಂಬುದು ನಮ್ಮ ಅಭಿಪ್ರಾಯ.

ಆದರೆ ನಮ್ಮ ಅನುಕೂಲವನ್ನಷ್ಟೇ ಬರೆದರೆ ಅರ್ಧ ಮಾತಾಯಿತು. ಲೈನಿನಲ್ಲಿರುವವರನ್ನೂ, ಮೇಸ್ತ್ರಿ ಎದುರಿಗಿಲ್ಲದಾಗ, ವಿಚಾರಿಸಿ: ಪಡಿತರ ಸಿಗುತ್ತಿದೆಯೇ? 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿ ಆಗಿದೆಯೇ? ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ? ಕೂಲಿ ಪೂರ್ತಿ ಕೈಸೇರುತ್ತಿದೆಯೇ? ಉತ್ತರಗಳನ್ನು ಬರೆದು ಸಂಘದ ಕಚೇರಿಗೆ ತಲುಪಿಸಿರಿ. ಎಲ್ಲವನ್ನೂ ಒಟ್ಟುಗೂಡಿಸಿ ಇಲಾಖೆಗೆ ಸಲ್ಲಿಸುವ ಹೊಣೆ ನಮ್ಮದು.